ಸ್ಕೂಟರ್ ಸವಾರಿ: ಭಾರತದ ಕಾನೂನು ಮತ್ತು ಸುರಕ್ಷತಾ ನಿಯಮಗಳು

ಭಾರತದಲ್ಲಿ ಸ್ಕೂಟರ್ ಸವಾರಿಯು 1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮತ್ತು 2017ರ ಚಾಲನಾ ವಿನಿಯಮಗಳಿಗೆ ಒಳಪಟ್ಟಿದೆ. ಕಾಯ್ದೆಯಲ್ಲಿ ಸ್ಕೂಟರಿಗೆಂದು ಪ್ರತ್ಯೇಕ ಅಧ್ಯಾಯವಿಲ್ಲ; ಮೋಟಾರ್ ಸೈಕಲ್ಲಿನ ಕಟ್ಟಳೆಯೇ ಇದಕ್ಕೂ ಅನ್ವಯ. ತರಕಾರಿ ತರಲು, ಮಕ್ಕಳನ್ನು ಶಾಲೆಗೆ ಬಿಡಲು ಮನೆಮಂದಿಯೆಲ್ಲ ಬಳಸುವ ಗಾಡಿಯಾದ್ದರಿಂದ ಸಲಿಗೆ ಹೆಚ್ಚು, ಎಚ್ಚರ ಕಡಿಮೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನಗಳಲ್ಲಿದ್ದವರು 74,897.

ಪರವಾನಗಿ ಮತ್ತು ದಾಖಲೆ

ಸ್ಕೂಟರ್ ಓಡಿಸಲು 18 ವರ್ಷ ತುಂಬಿರಬೇಕು. 16 ತುಂಬಿದವರಿಗೆ 50 ಸಿಸಿ ಮೀರದ ಗಾಡಿಗೆ ಮಾತ್ರ ಅವಕಾಶವಿದೆ; ಇಂದು ಮಾರಾಟವಾಗುವ ಪೆಟ್ರೋಲ್ ಸ್ಕೂಟರುಗಳಲ್ಲಿ ಹೆಚ್ಚಿನವು 100 ಸಿಸಿಗಿಂತ ದೊಡ್ಡವು. ಮೊದಲು ಕಲಿಕಾ ಪರವಾನಗಿ (ಎಲ್‌ಎಲ್) ಪಡೆದು, 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹೋಗಬಹುದು. ಕಲಿಯುವ ಅವಧಿಯಲ್ಲಿ ಗಾಡಿಗೆ ಕೆಂಪು ‘ಎಲ್’ ಫಲಕ ಇರಬೇಕು; ಕಲಿಸುವವರ ಹೊರತು ಬೇರೆಯವರನ್ನು ಹಿಂದೆ ಕೂರಿಸಿಕೊಳ್ಳುವಂತಿಲ್ಲ.

ಅಪ್ರಾಪ್ತರ ಕೈಗೆ ಕೀ ಕೊಟ್ಟರೆ ಅದರ ಹೊಣೆ ಹಿರಿಯರದು. 2019ರ ತಿದ್ದುಪಡಿಯ 199ಎ ಕಲಮಿನಂತೆ, ಬಾಲಕರು ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಬಾಲಕರಿಗೆ 25 ವರ್ಷವಾಗುವ ತನಕ ಪರವಾನಗಿ ಸಿಗುವುದಿಲ್ಲ.

ನೋಂದಣಿ ಪತ್ರ (ಆರ್‌ಸಿ), ಹೊಗೆ ತಪಾಸಣೆ ಪತ್ರ ಮತ್ತು ಕನಿಷ್ಠ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಡಿಜಿಲಾಕರ್‌ನಲ್ಲಿರುವ ದಾಖಲೆಗಳೂ ಊರ್ಜಿತ. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ದಾಟದ, ಮಾನ್ಯತೆ ಪಡೆದ ವಿದ್ಯುತ್ ಸ್ಕೂಟರುಗಳಿಗೆ ನೋಂದಣಿಯೂ ಪರವಾನಗಿಯೂ ಬೇಡ. ಮಾರ್ಪಾಡು ಮಾಡಿಸಿ ವೇಗ ಹೆಚ್ಚಿಸಿಕೊಂಡರೆ ಈ ವಿನಾಯಿತಿ ಉಳಿಯದು.

ಹೆಲ್ಮೆಟ್

ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ ಹಿಂಬದಿ ಸವಾರರ ವಿಷಯದಲ್ಲಿ ಈ ನಿಯಮ 2016ರ ಜನವರಿಯಲ್ಲಿ ಜಾರಿಗೆ ಬಂತು. ಹೆಲ್ಮೆಟ್ ಇಲ್ಲದ ಸವಾರಿಗೆ ಕಾಯ್ದೆಯಲ್ಲಿ ದಂಡ 1,000 ರೂಪಾಯಿ. ಜೊತೆಗೆ 3 ತಿಂಗಳು ಪರವಾನಗಿ ಅನರ್ಹತೆ. ಕರ್ನಾಟಕ ಸರ್ಕಾರ 2019ರಲ್ಲಿ ದಂಡವನ್ನು 500ಕ್ಕೆ ಇಳಿಸಿತು.

2021ರ ಜೂನ್‌ನಿಂದ ದೇಶದಲ್ಲಿ ಐಎಸ್‌ಐ ಗುರುತಿನ ಹೆಲ್ಮೆಟ್ ಮಾತ್ರ ಮಾರಬೇಕು. ಪಟ್ಟಿಯನ್ನು ಬಿಗಿದಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಪಟ್ಟಿ ಹಾಕದ ಹೆಲ್ಮೆಟ್ ಮೊದಲ ಹೊಡೆತಕ್ಕೇ ಹಾರಿಹೋಗುತ್ತದೆ. ಎರಡನೆಯ ಹೊಡೆತಕ್ಕೆ ಸಿಗುವುದು ಬರಿದಲೆ. ಒಳಗಿನ ಥರ್ಮೋಕೋಲ್ ಪದರ ತಾನು ನಜ್ಜುಗುಜ್ಜಾಗಿ ತಲೆಯನ್ನು ಕಾಯುತ್ತದೆ. ಆದ್ದರಿಂದ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಗೀರು ಕಾಣದಿದ್ದರೂ, ಬದಲಿಸಬೇಕು.

ಹಿಂಬದಿ ಸವಾರರು ಮತ್ತು ಮಕ್ಕಳು

ಸವಾರರ ಹಿಂದೆ ಒಬ್ಬರಿಗಷ್ಟೇ ಅವಕಾಶ. ಹಿಡಿಕೆ, ಕಾಲಿಡುವ ಮೆಟ್ಟಿಲು ಮತ್ತು ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ತಡೆ ಇರಬೇಕೆಂದು 123ನೇ ನಿಯಮ ಹೇಳುತ್ತದೆ. ಜನರ ಬಾಯಲ್ಲಿ ಈ ತಡೆಯೇ ‘ಸೀರೆ ಗಾರ್ಡ್’. ಸೆರಗು ಅಥವಾ ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡರೆ ಕೂತವರನ್ನು ಕ್ಷಣದಲ್ಲಿ ನೆಲಕ್ಕೆಳೆಯುತ್ತದೆ. ಗಾರ್ಡ್ ಇದ್ದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೂರಬೇಕು.

ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವಾಗ ಸುರಕ್ಷತಾ ಬೆಲ್ಟ್, ಮಕ್ಕಳ ಹೆಲ್ಮೆಟ್ ಮತ್ತು ಗಂಟೆಗೆ 40 ಕಿ.ಮೀ. ವೇಗದ ಮಿತಿಯನ್ನು 2022ರ ತಿದ್ದುಪಡಿ ವಿಧಿಸಿದೆ. ಮಗುವನ್ನು ಮುಂದಿನ ಹಲಗೆಯ ಮೇಲೆ ನಿಲ್ಲಿಸಿಕೊಳ್ಳುವ ರೂಢಿ ಬಲು ಅಪಾಯಕಾರಿ. ಬ್ರೇಕ್ ಹಿಡಿದ ಕೂಡಲೇ ಮಗುವಿನ ಮುಖ ಹ್ಯಾಂಡಲಿಗೆ ಬಡಿಯುತ್ತದೆ. ಅದರ ಕೈ ಆಕ್ಸಿಲರೇಟರಿಗೂ ತಾಗಬಹುದು.

ರಸ್ತೆಯಲ್ಲಿ

100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯಾಂಶವಿದ್ದರೆ ಮೊದಲ ತಪ್ಪಿಗೇ 6 ತಿಂಗಳವರೆಗೆ ಸೆರೆ, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಸವಾರಿಯ ವೇಳೆ ಮೊಬೈಲ್ ಹಿಡಿದು ಮಾತಾಡುವುದು ಅಪಾಯಕಾರಿ ಚಾಲನೆಯಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅವು ಸರ್ವಿಸ್ ರಸ್ತೆಯಲ್ಲೇ ಸಾಗಬೇಕು.

ಸ್ಕೂಟರಿನ ಚಕ್ರ ಚಿಕ್ಕದು. ಬೈಕು ದಾಟುವ ಗುಂಡಿಯಲ್ಲಿ ಅದು ಇಳಿದು ನಿಲ್ಲುತ್ತದೆ. ಗೇರಿಲ್ಲದ ಗಾಡಿಯಲ್ಲಿ ಬಲಗೈಯದು ಮುಂದಿನ ಬ್ರೇಕು, ಎಡಗೈಯದು ಹಿಂದಿನದು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಎರಡೂ ಚಕ್ರಗಳನ್ನು ಒಟ್ಟಿಗೆ ಹಿಡಿಯುವ ಕಾಂಬಿ ಬ್ರೇಕ್ ಅಥವಾ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್, ಅದಕ್ಕೆ ಮೇಲ್ಪಟ್ಟವಕ್ಕೆ ಎಬಿಎಸ್ ಕಡ್ಡಾಯವಾಗಿದೆ. ಹಾಗಿದ್ದರೂ ಮೊದಲ ಮಳೆಗೆ ನೆನೆದ ರಸ್ತೆ, ಮರಳು, ಸಗಣಿಯ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಬೇಕು. ಹೊರಡುವ ಮುನ್ನ ಸೈಡ್ ಸ್ಟ್ಯಾಂಡ್ ಎತ್ತಿದೆಯೇ ನೋಡಬೇಕು.

ಅಪಘಾತವಾದಾಗ

ಗಾಯಾಳುಗಳಿಗೆ ಚಿಕಿತ್ಸೆ ಕೊಡಿಸುವುದು ವಾಹನ ಓಡಿಸುತ್ತಿದ್ದವರ ಕರ್ತವ್ಯ. ನೆರವಿಗೆ ಬಂದ ದಾರಿಹೋಕರಿಗೆ 134ಎ ಕಲಮು ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. 108ಕ್ಕೆ ಕರೆ ಮಾಡಬೇಕು. ಬಿದ್ದವರ ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬಾರದು. ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಆ ಎಳೆತವೇ ಪ್ರಾಣಕ್ಕೆ ಎರವಾಗಬಹುದು. ತಲೆ, ಕತ್ತು ಅಲುಗದಂತೆ ಹಿಡಿದು ಆಂಬುಲೆನ್ಸ್ ಬರುವವರೆಗೆ ಬಳಿಯಲ್ಲಿ ಕೂರುವುದೇ ಆಗ ಮಾಡಬಹುದಾದ ದೊಡ್ಡ ಉಪಕಾರ.