ಆಟಿಕೆಯ ರೈಲೂ ಏಳು ಅಂಗುಲದ ಕೊರತೆಯೂ

ಭೂಪಟ ಬರೆದು ಅದರ ಕೆಳಗೆ ಅಳತೆಯ ಪ್ರಮಾಣವನ್ನು ನಮೂದಿಸದವರಿಗೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲವೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಉಗಿ ಇಂಜಿನ್ನುಗಳ ಪುಟ್ಟ ಮಾದರಿಗಳನ್ನೂ ನಾನು ಅದೇ ಕಣ್ಣಿನಿಂದ ನೋಡುತ್ತೇನೆ. ಅವು ಮೂಲವನ್ನು ಎಷ್ಟರಮಟ್ಟಿಗೆ ಹೋಲುತ್ತವೆ? ಇಂಗ್ಲೆಂಡಿನ ಮಾದರಿ ರೈಲುಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ಸ್ವಾರಸ್ಯಕರವಾದ ಉತ್ತರವಿದೆ.

ಬ್ರಿಟನ್ನಿನ ನಿಜವಾದ ರೈಲುಹಳಿಯ ಅಗಲ 4 ಅಡಿ 8½ ಅಂಗುಲ, ಅಂದರೆ 1,435 ಮಿ.ಮೀ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿಗೆ ‘ಡಬಲ್ ಓ’ ಎಂದು ಹೆಸರು. ಇದರಲ್ಲಿ ಮೂಲದ ಒಂದು ಅಡಿಗೆ 4 ಮಿ.ಮೀ. ಲೆಕ್ಕ, ಮೂಲದ ಸುಮಾರು 76ರಲ್ಲಿ ಒಂದು ಭಾಗ. ಹಾಗಾದರೆ ಹಳಿಯ ಅಗಲ 18.83 ಮಿ.ಮೀ. ಇರಬೇಕಷ್ಟೆ? ಇರುವುದು 16.5 ಮಾತ್ರ. ಅದನ್ನು ಮತ್ತೆ ಮೂಲದ ಅಳತೆಗೆ ಹಿಗ್ಗಿಸಿದರೆ 4 ಅಡಿ 1½ ಅಂಗುಲವಾಗುತ್ತದೆ. ಏಳು ಅಂಗುಲದ ಕೊರತೆ! ಇಂಜಿನ್ನಿನ ಮೈ ಒಂದು ಪ್ರಮಾಣದ್ದು, ಅದು ಓಡುವ ಹಳಿ ಇನ್ನೊಂದರದ್ದು.

ಇದು ಅಜ್ಞಾನದಿಂದ ಆದುದಲ್ಲ. 1922ರಲ್ಲಿ ಜರ್ಮನಿಯ ಬಿಂಗ್ ಕಂಪನಿ ತಯಾರಿಸಿದ, ಮೇಜಿನ ಮೇಲೆ ಹಿಡಿಸುವಂತಹ ರೈಲನ್ನು ಬ್ಯಾಸೆಟ್-ಲೋಕ್ ಸಂಸ್ಥೆ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ತಂದಿತು. ಅದರ ಹಳಿ, ಅಲ್ಲಿಯವರೆಗೆ ರೂಢಿಯಲ್ಲಿದ್ದ 32 ಮಿ.ಮೀ. ಹಳಿಯ ಸುಮಾರು ಅರ್ಧದಷ್ಟು. 16.5 ಮಿ.ಮೀ. ಹಳಿಗೆ ಅಡಿಗೆ 3.5 ಮಿ.ಮೀ. ಪ್ರಮಾಣದ ಇಂಜಿನ್ನು ಸರಿಯಾಗಿ ಹೊಂದುತ್ತದೆ. ಯುರೋಪು, ಅಮೆರಿಕಗಳಲ್ಲಿ ಅದೇ ನೆಲೆಗೊಂಡಿತು. ಬ್ರಿಟನ್ನಿನ ತೊಡಕು ಬೇರೆ. ಎಲ್ಲರಿಗಿಂತ ಮೊದಲು ರೈಲು ಹಾಕಿದ ಆ ದೇಶದ ಸುರಂಗ, ಸೇತುವೆಗಳು ಇಕ್ಕಟ್ಟಾದವು; ಆದ್ದರಿಂದ ಇಂಜಿನ್ನುಗಳೂ ಸಣ್ಣ ಮೈಯವು. ಅವನ್ನು 3.5ರ ಪ್ರಮಾಣಕ್ಕೆ ಇಳಿಸಿದರೆ ಅಂದಿನ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹೀಗಾಗಿ ಮೈಯನ್ನು 4 ಮಿ.ಮೀ.ಗೆ ಹಿಗ್ಗಿಸಿ, ಹಳಿಯನ್ನು ಇದ್ದಂತೆಯೇ ಬಿಟ್ಟರು. 1938ರಲ್ಲಿ ಹಾರ್ನ್‌ಬಿ ಡಬ್ಲೋ ರೈಲುಗಳು ಇದೇ ಅಳತೆಯಲ್ಲಿ ಬಂದು ರೂಢಿಯನ್ನು ಗಟ್ಟಿಗೊಳಿಸಿದವು. ಮುಂದೆ ಮೋಟಾರುಗಳು ಕಿರಿದಾದರೂ ಕೊರತೆ ಉಳಿಯಿತು. ಮನೆಮನೆಯಲ್ಲಿ ಕೊಂಡಿಟ್ಟ ಹಳಿಯನ್ನು ಎಸೆಯುವವರಾರು?

ಮನೆಯ ಇಕ್ಕಟ್ಟೂ ಒಂದು ಕಾರಣವೇ. ಡಬ್ಲೋ ಹಳಿಯ ತಿರುವಿನ ತ್ರಿಜ್ಯ 15 ಅಂಗುಲ. ಮೂಲದ ಲೆಕ್ಕದಲ್ಲಿ ಸುಮಾರು 29 ಮೀಟರು. ಆಗ ಮಾದರಿಯಾಗಿ ಬಂದ ‘ಸರ್ ನೈಜೆಲ್ ಗ್ರೆಸ್ಲಿ’ ಇಂಜಿನ್ನಿನ ಮೂಲದ ಉದ್ದವೇ 21 ಮೀಟರಿಗೂ ಹೆಚ್ಚು. ಅಂತಹ ಇಂಜಿನ್ನು ಅಷ್ಟು ಕಿರಿದಾದ ತಿರುವಿನಲ್ಲಿ ನಿಜಕ್ಕೂ ತಿರುಗಲಾರದು. ಮಾದರಿ ತಿರುಗಬೇಕಾದರೆ ಗಾಲಿಗಳಿಗೆ ಅತ್ತಿತ್ತ ಸರಿಯಲು ಎಡೆ ಬೇಕು, ಗಾಲಿಯ ಅಂಚು ದಪ್ಪವಿರಬೇಕು.

ಇದನ್ನೊಪ್ಪದ ಹವ್ಯಾಸಿಗಳು 1960ರ ದಶಕದಲ್ಲಿ 18.83 ಮಿ.ಮೀ. ಹಳಿಯನ್ನೇ ಬಳಸುವ ‘ಪ್ರೋಟೋಫೋರ್’ ಪದ್ಧತಿಯನ್ನು ರೂಪಿಸಿದರು. ನಿಖರತೆಯೇನೋ ದೊರೆಯಿತು. ಆದರೆ ಗಾಲಿಯ ಅಂಚು ತೆಳುವಾದ್ದರಿಂದ ಹಳಿ ಸ್ವಲ್ಪ ಏರುಪೇರಾದರೂ ರೈಲು ಹಳಿ ತಪ್ಪುತ್ತದೆ. ತಾಳ್ಮೆಯೇ ಅದರ ಬೆಲೆ.

ನಮ್ಮ ದೇಶದ ಲೆಕ್ಕವನ್ನೂ ಮಾಡಿ ನೋಡಿರಿ. ನಮ್ಮ ಬ್ರಾಡ್‌ಗೇಜ್ 5 ಅಡಿ 6 ಅಂಗುಲ, 4 ಮಿ.ಮೀ. ಪ್ರಮಾಣದಲ್ಲಿ ಸರಿಯಾಗಿ 22 ಮಿ.ಮೀ. ಭಾರತದ ಇಂಜಿನ್ನೊಂದನ್ನು ಅದೇ ಪ್ರಮಾಣದಲ್ಲಿ ಮಾಡಿ 16.5ರ ಹಳಿಯ ಮೇಲಿಟ್ಟರೆ ಅಗಲದಲ್ಲಿ ಕಾಲುಭಾಗವೇ ಮಾಯ!

ಅಳತೆ ಸರಿಯಾದರೂ ಕಾಲ ತಪ್ಪಬಹುದು. ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಇಂಜಿನ್ನು 1923ರಲ್ಲಿ ಹೊರಬಂದಾಗ ಅದರ ಸಂಖ್ಯೆ 1472. ಮರುವರ್ಷ 4472 ಆಯಿತು. 1947ರಲ್ಲಿ ಅದನ್ನು ಪುನರ್ನಿರ್ಮಿಸಿದರು. ರಾಷ್ಟ್ರೀಕರಣದ ನಂತರ ಸಂಖ್ಯೆ 60103. 1959ರಲ್ಲಿ ಜೋಡಿ ಹೊಗೆಕೊಳವೆ, 1961ರಲ್ಲಿ ಹೊಗೆ ಚಾಲಕನ ಕಣ್ಣಿಗೆ ಅಡ್ಡಬಾರದಂತೆ ಮಾಡುವ ತಗಡುಗಳು ಸೇರಿದವು. ಆ ತಗಡುಗಳನ್ನು ಹೊತ್ತ ಮಾದರಿಯನ್ನು 1930ರ ಇಂಜಿನ್ನೆಂದು ತೋರಿಸಿದರೆ, ಪ್ರತಿಯೊಂದು ಮೊಳೆ ನಿಖರವಾಗಿದ್ದರೂ ಇತಿಹಾಸ ಸುಳ್ಳಾಗುತ್ತದೆ.

ಆದ್ದರಿಂದ ಮಕ್ಕಳಿಗೋ ಮೊಮ್ಮಕ್ಕಳಿಗೋ ಪುಟ್ಟ ರೈಲು ಕೊಡಿಸುವಾಗ ಎರಡು ಪ್ರಶ್ನೆ ಕೇಳಿಸಿರಿ: ಇದು ಯಾವ ಪ್ರಮಾಣದ್ದು? ಯಾವ ವರ್ಷದ್ದು? ಕೊರತೆಯೇ ಇಲ್ಲದ ಮಾದರಿ ಸಿಗಲಾರದು. ಕೊರತೆ ಎಲ್ಲಿದೆ, ಏಕೆ ಬಂತು ಎಂದು ಹುಡುಕುವ ಮಗು ಇತಿಹಾಸದ ಪಾಠವನ್ನು ಆರಂಭಿಸಿದೆ ಎಂದೇ ನನ್ನ ಭಾವನೆ.