ಆಕಾಶದಿಂದ ಬಂದ ಶಿಲಾಶಾಸನ

ದೇಶದ ಚರಿತ್ರೆಯನ್ನು ಬರೆಯತಕ್ಕವರು ಶಾಸನಗಳನ್ನು ಅರಸುವರು. ಸೂರ್ಯಮಂಡಲದ ಚರಿತ್ರೆಗೆ ಶಾಸನಗಳೆಲ್ಲಿ? ಭೂಮಿಯು ತನ್ನ ಬಾಲ್ಯದ ಬರಹವನ್ನು ತಾನೇ ಕರಗಿಸಿ ಅಳಿಸಿಬಿಟ್ಟಿದೆ. ಇಲ್ಲಿ ದೊರೆತಿರುವ ಅತಿ ಪ್ರಾಚೀನ ಖನಿಜಕಣದ ವಯಸ್ಸೂ ಸುಮಾರು 440 ಕೋಟಿ ವರ್ಷಗಳು ಮಾತ್ರ. ಅದಕ್ಕೂ ಹಿಂದಿನ ಸಾಕ್ಷ್ಯವು ಉಲ್ಕಾಶಿಲೆಗಳಲ್ಲಿ ಅಡಗಿದೆ.

ವಿದ್ವಾಂಸರು ಈ ಸಾಕ್ಷ್ಯವನ್ನು ಬಹುಕಾಲ ಅಂಗೀಕರಿಸಲಿಲ್ಲ. ಆಕಾಶದಿಂದ ಕಲ್ಲು ಬಿದ್ದಿತೆಂಬ ಹಳ್ಳಿಗರ ಮಾತು ಅವರಿಗೆ ಕಟ್ಟುಕಥೆಯೆನಿಸಿದ್ದಿತು. 1794ರಲ್ಲಿ ಜರ್ಮನಿಯ ಕ್ಲಾಡ್ನಿ ಎಂಬಾತನು ಇವು ಭೂಮಿಯ ಹೊರಗಿನಿಂದ ಬಂದವೆಂದು ವಾದಿಸಿದಾಗಲೂ ಹಲವರು ಒಪ್ಪಲಿಲ್ಲ. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಊರಿನ ಸುತ್ತ ಸಾವಿರಾರು ಕಲ್ಲುಗಳು ಸುರಿದುವು. ಬಿಯೋ ಎಂಬ ಭೌತಶಾಸ್ತ್ರಜ್ಞನು ಅಲ್ಲಿಗೆ ಹೋಗಿ, ಕಲ್ಲುಗಳನ್ನೂ ಕಂಡವರ ಹೇಳಿಕೆಗಳನ್ನೂ ಒಟ್ಟುಗೂಡಿಸಿ ವರದಿಯನ್ನೊಪ್ಪಿಸಿದ ಮೇಲೆ ಸಂಶಯವು ಬಹುಮಟ್ಟಿಗೆ ಅಡಗಿತು.

ಶಾಸನವೇನೋ ದೊರೆಯಿತು, ಅದರ ಕಾಲವನ್ನು ನಿರ್ಣಯಿಸುವುದಕ್ಕೆ ಇನ್ನೂ ಒಂದೂವರೆ ಶತಮಾನ ಹಿಡಿಯಿತು. 1969ರ ಫೆಬ್ರವರಿ 8ರಂದು ಮೆಕ್ಸಿಕೋ ದೇಶದ ಅಯೆಂದೆ ಗ್ರಾಮದ ಸುತ್ತ ಬಿದ್ದ ಕಲ್ಲುಗಳಲ್ಲಿ ಎರಡು ಟನ್ನಿಗೂ ಮಿಕ್ಕಿ ಸಂಗ್ರಹವಾಯಿತು. ಚಂದ್ರಶಿಲೆಗಳ ಪರೀಕ್ಷೆಗಾಗಿ ಅಮೆರಿಕದ ಪ್ರಯೋಗಶಾಲೆಗಳು ಸಜ್ಜಾಗುತ್ತಿದ್ದ ಕಾಲವದು. ಆ ಕಪ್ಪು ಕಲ್ಲನ್ನು ಕೊಯ್ದು ನೋಡಿದರೆ ಒಳಗೆ ಬಿಳಿಯ ತುಣುಕುಗಳು! ಕ್ಯಾಲ್ಸಿಯಂ ಮತ್ತು ಅಲ್ಯುಮಿನಿಯಂ ವಿಪುಲವಾಗಿರುವ ಇವುಗಳಲ್ಲಿ ಮೆಲಿಲೈಟ್, ಸ್ಪಿನೆಲ್ ಮೊದಲಾದ ಖನಿಜಗಳಿವೆ. ಸೂರ್ಯನನ್ನು ಬಳಸಿದ್ದ ಕಾದ ಅನಿಲವು ತಣಿಯತೊಡಗಿದಾಗ ಮೊದಮೊದಲು ಗಟ್ಟಿಯಾಗತಕ್ಕವು ಇಂಥವೇ. ಯುರೇನಿಯಂ ಸೀಸವಾಗಿ ಮಾರ್ಪಟ್ಟಿರುವ ಪ್ರಮಾಣದಿಂದ ಗಣಿಸಿದರೆ ಇವುಗಳ ವಯಸ್ಸು ಸುಮಾರು 456.7 ಕೋಟಿ ವರ್ಷಗಳು. ಸೂರ್ಯಮಂಡಲದ ಶಕೆಯನ್ನು ಇಲ್ಲಿಂದಲೇ ಎಣಿಸುವುದು ವಾಡಿಕೆ.

1976ರಲ್ಲಿ ಕ್ಯಾಲಿಫೋರ್ನಿಯದ ವಾಸರ್‌ಬರ್ಗ್ ಮತ್ತು ಆತನ ಸಹೋದ್ಯೋಗಿಗಳು ಇನ್ನೊಂದು ಸಾಲನ್ನು ಓದಿದರು. ಈ ತುಣುಕುಗಳಲ್ಲಿ ಅಲ್ಯುಮಿನಿಯಂ ಅಧಿಕವಾಗಿರುವ ಕಡೆ ಮೆಗ್ನೀಸಿಯಂ-26 ಕೂಡ ಅಧಿಕವಾಗಿದ್ದಿತು. ಅಲ್ಯುಮಿನಿಯಂ-26 ಎಂಬುದು ಸುಮಾರು ಏಳು ಲಕ್ಷ ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತ ಮೆಗ್ನೀಸಿಯಂ-26 ಆಗತಕ್ಕದ್ದು. ಅದು ಹುಟ್ಟುವುದು ಮುಖ್ಯವಾಗಿ ನಕ್ಷತ್ರಗಳಲ್ಲಿ. ಅಂದಮೇಲೆ, ಅಲ್ಲಿ ಹುಟ್ಟಿದ ದ್ರವ್ಯವು ನಶಿಸುವ ಮುನ್ನವೇ ಈ ಖನಿಜಗಳಲ್ಲಿ ಸೆರೆಯಾಗಿರಬೇಕು. ಮೊದಲ ಕಿರುಗ್ರಹಗಳನ್ನು ಒಳಗಿನಿಂದ ಕರಗಿಸಿದ್ದು ಬಹುಮಟ್ಟಿಗೆ ಇದರ ಶಾಖವೇ.

ವೈಲ್ಡ್-2 ಧೂಮಕೇತುವಿನ ಧೂಳನ್ನು 2006ರಲ್ಲಿ ಸ್ಟಾರ್‌ಡಸ್ಟ್ ನೌಕೆಯು ಭೂಮಿಗೆ ತಂದಾಗ ಅದರಲ್ಲಿಯೂ ಇಂಥ ಕಣ ಕಾಣಿಸಿತು. ಸೂರ್ಯನ ಬಳಿಯ ಬೇಗೆಯಲ್ಲಿ ಹುಟ್ಟಿದುದು ಹಿಮದ ಸೀಮೆಯವರೆಗೂ ಸಾಗಿದ್ದಿತು; ಸೂರ್ಯಮಂಡಲವು ಶೈಶವದಲ್ಲಿ ಅಷ್ಟೊಂದು ಕಲಕಿಹೋಗಿದ್ದಿತು.

ಹೊಲದಲ್ಲಿ ಕಲ್ಲು ಬಿದ್ದುದನ್ನು ಕಂಡು ಹೇಳಿದ ರೈತನ ಮಾತನ್ನು ಪಂಡಿತರು ಕಡೆಯವರೆಗೂ ತಳ್ಳಿಹಾಕಿದ್ದರೆ, ಈ ಚರಿತ್ರೆಯ ಮೊದಲ ಪುಟವು ನಮಗೆ ದೊರೆಯುತ್ತಿರಲಿಲ್ಲ.