ಜನರಲ್ ಪ್ರಾಕ್ಟೀಸ್ ಸಂಶೋಧನೆಯ ತರಬೇತಿ

ಊರಿನ ಅಥವಾ ಬಡಾವಣೆಯ ಡಾಕ್ಟರ ಬಳಿ ಬರುವ ಕಾಯಿಲೆಗಳನ್ನು ಅಲ್ಲಿಯೇ ಕುಳಿತು ಅಧ್ಯಯನ ಮಾಡುವಂತೆ ವೈದ್ಯ ವಿದ್ಯಾರ್ಥಿಗಳನ್ನೂ ವೃತ್ತಿನಿರತ ವೈದ್ಯರನ್ನೂ ಅಣಿಗೊಳಿಸುವ ಶಿಕ್ಷಣ. ಇದು ಒಂದು ಶಿಸ್ತಾಗಿ ನೆಲೆ ಕಂಡದ್ದು ಮುಖ್ಯವಾಗಿ ಬ್ರಿಟನ್ನಿನಲ್ಲಿ, 20ನೆಯ ಶತಮಾನದ ಉತ್ತರಾರ್ಧದಲ್ಲಿ. ನೆದರ್ಲೆಂಡ್ಸಿನಲ್ಲೂ ಗಟ್ಟಿಯಾದ ಪರಂಪರೆ ಇದೆ. ಬ್ರಿಟನ್ನಿನಲ್ಲಿ ಜಿ.ಪಿ. (ಜನರಲ್ ಪ್ರಾಕ್ಟೀಷನರ್) ಎನಿಸಿಕೊಳ್ಳುವವರು ನಮ್ಮ ಫ್ಯಾಮಿಲಿ ಡಾಕ್ಟರಿಗೆ ಹತ್ತಿರದವರು. ಆದರೆ ಅಲ್ಲಿ ಹೆಚ್ಚುಕಡಿಮೆ ಪ್ರತಿ ನಿವಾಸಿಯ ಹೆಸರು ಯಾವುದಾದರೊಂದು ಕ್ಲಿನಿಕ್ಕಿನ ಪಟ್ಟಿಯಲ್ಲಿ ನೋಂದಣಿಯಾಗಿರುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ.

ಆಸ್ಪತ್ರೆಯಲ್ಲಿ ಕಲಿತ ಸಂಶೋಧನೆಯೇ ಇಲ್ಲಿಗೂ ಸಾಲದೇ ಎಂಬ ಪ್ರಶ್ನೆ ಹಳೆಯದು. 1961ರಲ್ಲಿ ಕೆರ್ ವೈಟ್ ಮತ್ತು ಸಂಗಡಿಗರು ಅಮೆರಿಕ ಮತ್ತು ಬ್ರಿಟನ್ನಿನ ಅಂಕಿಅಂಶಗಳನ್ನು ಕೂಡಿಸಿ ಒಂದು ಲೆಕ್ಕ ಹಾಕಿದರು. ಸಾವಿರ ವಯಸ್ಕರಲ್ಲಿ ಒಂದು ತಿಂಗಳಲ್ಲಿ ಏನಾದರೂ ಕಾಯಿಲೆಯೋ ಪೆಟ್ಟೋ ಆಯಿತೆನ್ನುವವರು ಸುಮಾರು 750 ಮಂದಿ. ಡಾಕ್ಟರ ಬಳಿ ಹೋಗುವವರು 250. ಆಸ್ಪತ್ರೆಗೆ ದಾಖಲಾಗುವವರು 9. ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ ತಲಪುವವನು ಒಬ್ಬನೇ. ಪಠ್ಯಪುಸ್ತಕ ಬರೆಯುವವರು ನೋಡಿದ್ದು ಬಹುಮಟ್ಟಿಗೆ ಆ ಒಬ್ಬನನ್ನು. ಅವನನ್ನು ನೋಡಿ ಕಟ್ಟಿದ ಜ್ಞಾನವನ್ನು ಉಳಿದ 249 ಮಂದಿಗೆ ಹಚ್ಚಿದರೆ ಹೊಂದಿಕೆಯಾಗುವುದಿಲ್ಲ.

ತರಬೇತಿಯ ಆರಂಭದಲ್ಲೇ ವಿದ್ಯಾರ್ಥಿಗಳಿಂದ ಮಾಡಿಸುವ ಲೆಕ್ಕವೊಂದು ಇದನ್ನು ಮನದಟ್ಟು ಮಾಡಿಸುತ್ತದೆ. ಒಂದು ಪರೀಕ್ಷೆ ರೋಗವಿರುವ ನೂರು ಮಂದಿಯಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದ ನೂರರಲ್ಲಿ 90 ಮಂದಿಗೆ ಇಲ್ಲವೆಂದೇ ಹೇಳುತ್ತದೆ ಎಂದುಕೊಳ್ಳೋಣ. ತಜ್ಞರ ವಾರ್ಡಿನಲ್ಲಿ ಇಬ್ಬರಲ್ಲಿ ಒಬ್ಬರಿಗೆ ಆ ರೋಗವಿದ್ದರೆ, ಪಾಸಿಟಿವ್ ಬಂದ ಹತ್ತರಲ್ಲಿ ಒಂಬತ್ತು ನಿಜ. ಅದೇ ಪರೀಕ್ಷೆಯನ್ನು ನೂರಕ್ಕೆ ಒಬ್ಬರಿಗೆ ಮಾತ್ರ ಆ ರೋಗವಿರುವ ಕ್ಲಿನಿಕ್ಕಿಗೆ ತಂದರೆ ಚಿತ್ರವೇ ಬೇರೆ. ಸಾವಿರ ಮಂದಿಯಲ್ಲಿ ರೋಗಿಗಳು 10, ಅವರಲ್ಲಿ ಪಾಸಿಟಿವ್ 9. ರೋಗವಿಲ್ಲದ 990 ಮಂದಿಯಲ್ಲೂ 99 ಪಾಸಿಟಿವ್. ಒಟ್ಟು 108ರಲ್ಲಿ ನಿಜವಾದವು 9. ಪರೀಕ್ಷೆ ಬದಲಾಗಿಲ್ಲ, ಕೆಳಗಿನ ಛೇದ, ಅಂದರೆ ಯಾರನ್ನೆಲ್ಲ ಲೆಕ್ಕಕ್ಕೆ ಹಿಡಿದೆವೋ ಆ ಜನಸಮೂಹ, ಬದಲಾಗಿದೆ. ಜನರಲ್ ಪ್ರಾಕ್ಟೀಸ್ ಸಂಶೋಧನೆಯ ಪಾಠಗಳಲ್ಲಿ ಹಲವು ಈ ಛೇದದ ಸುತ್ತಲೇ ತಿರುಗುತ್ತವೆ.

ಇತಿಹಾಸ

ಯಾರೂ ತರಬೇತಿ ಕೊಡದೆ ಸಂಶೋಧಕರಾದವರಿಂದ ಈ ಕಥೆ ಮೊದಲಾಗುತ್ತದೆ. ಜೇಮ್ಸ್ ಮೆಕೆಂಜಿ ಲ್ಯಾಂಕಶೈರಿನ ಹತ್ತಿ ಗಿರಣಿಗಳ ಊರಾದ ಬರ್ನ್ಲಿಯಲ್ಲಿ ವೈದ್ಯ. ನಾಡಿಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಪಾಲಿಗ್ರಾಫ್ ಎಂಬ ಯಂತ್ರವನ್ನು ರೂಪಿಸಿ, ಗಡಿಯಾರ ತಯಾರಕನೊಬ್ಬನ ನೆರವಿನಿಂದ ಅದನ್ನು ಸುಧಾರಿಸಿದರು. ಆದರೆ ಅವರ ನಿಜವಾದ ಸಾಧನ ಯಂತ್ರವಲ್ಲ, ಕಾಲ. ನಡುನಡುವೆ ತಪ್ಪಿ ಬಡಿಯುವ ಹೃದಯದವರನ್ನು ವರ್ಷಗಟ್ಟಲೆ ನೋಡುತ್ತ ಬಂದು, ಅವರಲ್ಲಿ ಅನೇಕರು ಏನೂ ಆಗದೆ ಬಾಳುವುದನ್ನು ಗಮನಿಸಿದರು. ಆ ಕಾಲದಲ್ಲಿ ಇಂಥವರನ್ನು ಹಾಸಿಗೆಗೆ ಕಟ್ಟಿಹಾಕುವುದೇ ಚಿಕಿತ್ಸೆಯಾಗಿತ್ತು. ವಾರ್ಡಿನ ವೈದ್ಯ ರೋಗಿಯನ್ನು ಕೆಲವು ದಿನ ನೋಡಿ ಕಳಿಸುತ್ತಾನೆ, ಊರಿನ ವೈದ್ಯನಿಗೆ ಅದೇ ರೋಗಿ ಬೀದಿಯಲ್ಲಿ ಎದುರಾಗುತ್ತಲೇ ಇರುತ್ತಾನೆ. ಮುಂದೆ ಲಂಡನ್ನಿನಲ್ಲಿ ಹೃದ್ರೋಗ ತಜ್ಞರೆಂದು ಹೆಸರು ಮಾಡಿದ ಮೆಕೆಂಜಿ, ಮೊದಲ ಮಹಾಯುದ್ಧ ಮುಗಿಯುತ್ತಿದ್ದಂತೆ ಅದನ್ನೆಲ್ಲ ಬಿಟ್ಟು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿಗೆ ಹೋದರು. ರೋಗದ ಮೊದಲ ಲಕ್ಷಣಗಳನ್ನು ಸ್ಥಳೀಯ ಜಿ.ಪಿ.ಗಳೇ ದಾಖಲಿಸಿ ಚರ್ಚಿಸುವ ಸಂಸ್ಥೆಯೊಂದನ್ನು ಅಲ್ಲಿ ಕಟ್ಟಿದರು. 1925ರಲ್ಲಿ ಅವರು ತೀರಿಕೊಂಡರು.

ಮೆಕೆಂಜಿಯ ಪುಸ್ತಕ ಓದಿ ಎಚ್ಚೆತ್ತವರಲ್ಲಿ ಯಾರ್ಕ್‌ಶೈರಿನ ವೆನ್ಸ್‌ಲಿಡೇಲ್ ಕಣಿವೆಯ ವಿಲಿಯಂ ಪಿಕಲ್ಸ್ ಒಬ್ಬರು. ಏಸ್ಗಾರ್ತ್ ಎಂಬ ಹಳ್ಳಿಯಲ್ಲಿ ಅವರ ಕ್ಲಿನಿಕ್. ಸುತ್ತಲ ಹಳ್ಳಿಗಳಲ್ಲಿ ಎಲ್ಲರಿಗೂ ಎಲ್ಲರ ಪರಿಚಯ, ಯಾರು ಯಾವ ದಿನ ಯಾರ ಮನೆಗೆ ಹೋಗಿದ್ದರೆಂಬುದು ಗುಟ್ಟಾಗಿ ಉಳಿಯದ ಜಾಗ. 1929ರಲ್ಲಿ ಅಲ್ಲಿ ಕಾಮಾಲೆ ಹಬ್ಬಿತು. ಪಿಕಲ್ಸ್ ಒಂದು ಬೆಳಿಗ್ಗೆ ಕಾಮಾಲೆಯ ಹುಡುಗಿಯೊಬ್ಬಳನ್ನು ಮನೆಗೆ ಹೋಗಿ ನೋಡಿದರು. ಅವಳು ಹಾಸಿಗೆ ಬಿಟ್ಟು ಏಳುತ್ತಾಳೆಂದು ಅವರು ಎಣಿಸಿಯೇ ಇರಲಿಲ್ಲ. ಅದೇ ಮಧ್ಯಾಹ್ನ ಊರಿನ ಜಾತ್ರೆಯಂಥ ಮೇಳದಲ್ಲಿ ಆಕೆ ಓಡಾಡಿದ್ದಳು. ಅಲ್ಲಿ ಆಕೆಯ ಸಂಪರ್ಕಕ್ಕೆ ಬಂದವರು ಯಾವ ದಿನ ಮಲಗಿದರೆಂದು ಎಣಿಸಿ, ಸೋಂಕು ತಗಲಿದಂದಿನಿಂದ ರೋಗ ಕಾಣಿಸಿಕೊಳ್ಳುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕೆಂದು ಅವರು ತೋರಿಸಿದರು. ಪ್ರಯೋಗಶಾಲೆ ಇರಲಿಲ್ಲ. ಒಂದು ಡೈರಿ, ದಿನಕ್ಕೊಂದು ಚೌಕದಂತೆ ಬಣ್ಣ ತುಂಬಿದ ಪಟ್ಟಿಗಳು, ಲೆಕ್ಕ ಬರೆದಿಡಲು ಮನೆಯವರ ನೆರವು, ಇಷ್ಟೇ. 1939ರಲ್ಲಿ ಪ್ರಕಟವಾದ ಅವರ ಪುಸ್ತಕವನ್ನು ಸಾಂಕ್ರಾಮಿಕ ರೋಗಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುವುದುಂಟು.

ಇಷ್ಟಾದರೂ ಜಿ.ಪಿ.ಗಳನ್ನು ತಜ್ಞರಾಗಲಾರದೆ ಏಣಿಯಿಂದ ಜಾರಿದವರೆಂದು ಕಾಣುವ ಧೋರಣೆ ಅಲ್ಲಿ ಬಹುಕಾಲ ಇತ್ತು. ಚರ್ಚಿಲ್ಲರ ವೈದ್ಯರಾಗಿದ್ದ ಲಾರ್ಡ್ ಮೊರಾನ್ 1950ರ ದಶಕದ ಕೊನೆಯಲ್ಲಿ ರಾಯಲ್ ಆಯೋಗವೊಂದರ ಮುಂದೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅದಕ್ಕೂ ಮೊದಲೇ, 1952ರಲ್ಲಿ, ಜಿ.ಪಿ.ಗಳು ತಮ್ಮದೇ ಕಾಲೇಜೊಂದನ್ನು ಸ್ಥಾಪಿಸಿಕೊಂಡಿದ್ದರು. ಪಿಕಲ್ಸ್ ಅದರ ಮೊದಲ ಅಧ್ಯಕ್ಷ. ಇಂದಿನ ರಾಯಲ್ ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್ ಇದೇ. ಸಂಶೋಧನೆಯಲ್ಲಿ ಆಸಕ್ತಿಯುಳ್ಳ ವೈದ್ಯರ ಪಟ್ಟಿ ಮಾಡುವುದು ಇದರ ಆರಂಭದ ಕೆಲಸಗಳಲ್ಲೊಂದು. ಹಾಗೆ ಹೆಣೆದ ಜಾಲದ ಬಲ 1968ರಲ್ಲಿ ಕಂಡಿತು: ಗರ್ಭನಿರೋಧಕ ಮಾತ್ರೆಯ ಪರಿಣಾಮ ಅರಿಯಲು ಸುಮಾರು 1,400 ಜಿ.ಪಿ.ಗಳು, ಮಾತ್ರೆ ನುಂಗುವ 23,000 ಮತ್ತು ನುಂಗದ 23,000 ಮಹಿಳೆಯರನ್ನು ಹಿಂಬಾಲಿಸತೊಡಗಿದರು. ದಶಕಗಳ ಕಾಲ ನಡೆದ ಅಧ್ಯಯನವಿದು.

ವಿಶ್ವವಿದ್ಯಾಲಯದ ಮಾನ್ಯತೆ ಬಂದದ್ದು 1963ರಲ್ಲಿ. ಎಡಿನ್‌ಬರೊದಲ್ಲಿ ರಿಚರ್ಡ್ ಸ್ಕಾಟ್ ಜಗತ್ತಿನಲ್ಲೇ ಮೊತ್ತಮೊದಲ ಜನರಲ್ ಪ್ರಾಕ್ಟೀಸ್ ಪ್ರಾಧ್ಯಾಪಕರಾದರು. ವೇಲ್ಸಿನ ಗಣಿಹಳ್ಳಿ ಗ್ಲಿನ್‌ಕೊರುಗ್‌ನಲ್ಲಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಮಾತ್ರ ವಿಶ್ವವಿದ್ಯಾಲಯಕ್ಕೆ ಕಾಯದೆ ಊರಿನ ವಯಸ್ಕರೆಲ್ಲರ ಬಿ.ಪಿ. ಅಳೆಯಲು ಹೊರಟರು. ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆಂಬ, 1971ರಲ್ಲಿ ಅವರು ಮಂಡಿಸಿದ ‘ತಿರುಗುಮುರುಗು ಆರೈಕೆ ನಿಯಮ’ ಹುಟ್ಟಿದ್ದು ಇಂಥ ಕ್ಲಿನಿಕ್ಕಿನ ಅನುಭವದಿಂದ.

ತರಬೇತಿಯ ದಾರಿ

ಬ್ರಿಟನ್ನಿನಲ್ಲಿ ಆಸಕ್ತ ವಿದ್ಯಾರ್ಥಿ ಎಂ.ಬಿ.ಬಿ.ಎಸ್. ಓದಿನ ನಡುವೆ ಒಂದು ವರ್ಷ ಬಿಡುವು ಮಾಡಿಕೊಂಡು ಪ್ರಾಥಮಿಕ ಆರೈಕೆಯಲ್ಲಿ ಬಿ.ಎಸ್‌ಸಿ. ಪಡೆಯಬಹುದು. ಪದವಿಯ ನಂತರ ಎರಡು ವರ್ಷ ಎಲ್ಲರಿಗೂ ಸಮಾನವಾದ ತರಬೇತಿ, ಆಮೇಲೆ ಮೂರು ವರ್ಷದ ಜಿ.ಪಿ. ತರಬೇತಿ. ಸಂಶೋಧನೆಯ ಹಾದಿ ಹಿಡಿಯುವವರಿಗೆ ಇದು ನಾಲ್ಕು ವರ್ಷವಾಗುತ್ತದೆ. ಅಕಾಡೆಮಿಕ್ ಕ್ಲಿನಿಕಲ್ ಫೆಲೊ ಎಂಬ ಈ ಹುದ್ದೆಯಲ್ಲಿ ಕಾಲುಭಾಗ ಸಮಯ ಸಂಶೋಧನೆಗೆ ಮೀಸಲು. ಮುಂದೆ ಪಿಎಚ್.ಡಿ., ನಂತರ ಕ್ಲಿನಿಕಲ್ ಲೆಕ್ಚರರ್. 2005ರ ವಾಲ್ಪೋರ್ಟ್ ವರದಿ ಹಾಕಿಕೊಟ್ಟ ಈ ಹಂತಗಳಿಗೆ ಇಂಗ್ಲೆಂಡಿನಲ್ಲಿ ಹಣ ಒದಗಿಸುವುದು 2006ರಲ್ಲಿ ಆರಂಭವಾದ ರಾಷ್ಟ್ರೀಯ ಆರೋಗ್ಯ ಮತ್ತು ಆರೈಕೆ ಸಂಶೋಧನಾ ಸಂಸ್ಥೆ. ಹತ್ತಾರು ವರ್ಷ ಕ್ಲಿನಿಕ್ ನಡೆಸಿದ ಮೇಲೆ ಪ್ರಶ್ನೆ ಹೊಳೆದವರಿಗೂ ವಾರದಲ್ಲಿ ಕೆಲವು ದಿನದ ಫೆಲೊಶಿಪ್‌ಗಳಿವೆ. ಒಳ್ಳೆಯ ಪ್ರಶ್ನೆಗಳು ಇವರ ಬಳಿಯೇ ಹೆಚ್ಚು ಎಂಬುದು ಬಲ್ಲವರ ಅಭಿಪ್ರಾಯ.

ಕಲಿಸುವ ವಿಧಾನಗಳಲ್ಲಿ ಕೆಲವು ಈ ಕ್ಷೇತ್ರದ್ದೇ ವಿಶೇಷ. ಹೊಸ ಸಲಹಾ ಕ್ರಮವೊಂದನ್ನು ಪರೀಕ್ಷಿಸಬೇಕಾದಾಗ ಒಂದೇ ಕ್ಲಿನಿಕ್ಕಿನ ಅರ್ಧ ರೋಗಿಗಳಿಗೆ ಹೊಸದು, ಅರ್ಧಕ್ಕೆ ಹಳೆಯದು ಎಂದರೆ ನಡೆಯುವುದಿಲ್ಲ. ಕಲಿತದ್ದನ್ನು ಡಾಕ್ಟರು ಮುಂದಿನ ರೋಗಿಯ ಮುಂದೆ ಮರೆಯಲಾರರು. ಆದ್ದರಿಂದ ಚೀಟಿ ಎತ್ತುವುದು ರೋಗಿಗಳ ಹೆಸರಲ್ಲಲ್ಲ, ಇಡೀ ಕ್ಲಿನಿಕ್ಕುಗಳ ಹೆಸರಲ್ಲಿ. ಲೆಕ್ಕಕ್ಕೆ ಸಿಗದ ಸಂಗತಿಗಳಿಗಾಗಿ ಸಂದರ್ಶನ ಮಾಡುವುದನ್ನೂ ಮಾತಿನ ಧ್ವನಿಮುದ್ರಣ ವಿಶ್ಲೇಷಿಸುವುದನ್ನೂ ಹೇಳಿಕೊಡುತ್ತಾರೆ. ಸಂಶೋಧಕ ಜಾನ್ ಹೋವಿ 1976ರಲ್ಲಿ ಪ್ರಕಟಿಸಿದ ಅಧ್ಯಯನ ಪಾಠಕ್ಕೆ ಹೇಳಿಮಾಡಿಸಿದಂತಿದೆ. ಅವರು ಜಿ.ಪಿ.ಗಳಿಗೆ ಬಾತ ಗಂಟಲಿನ ಫೋಟೊಗಳನ್ನು ಕಳಿಸಿ, ಆ್ಯಂಟಿಬಯಾಟಿಕ್ ಬರೆಯುತ್ತೀರಾ ಎಂದು ಕೇಳಿದರು. ಫೋಟೊ ಅದೇ, ಜತೆಗಿದ್ದ ಮನೆಯ ಪರಿಸ್ಥಿತಿಯ ವಿವರ ಮಾತ್ರ ಬೇರೆ. ಉತ್ತರವೂ ಬದಲಾಯಿತು. ಔಷಧಿ ಚೀಟಿ ಬರೆಯಿಸುವುದು ಗಂಟಲು ಮಾತ್ರವಲ್ಲ ಎಂಬುದು ಯಾವ ಅನುಭವಿ ಡಾಕ್ಟರಿಗೂ ಗೊತ್ತು. ಅದನ್ನು ಅಳೆದು ತೋರಿಸಬಹುದೆಂಬುದು ಹೊಸದು.

ತೊಡಕುಗಳು ಕಡಿಮೆಯೇನಲ್ಲ. ರೋಗಿಯೊಬ್ಬರಿಗೆ ಹತ್ತು ನಿಮಿಷ ಸಿಗುವ ಕಡೆ ಒಪ್ಪಿಗೆಪತ್ರ ಓದಿಸಿ ಸಹಿ ಹಾಕಿಸಲು ಪುರಸತ್ತೆಲ್ಲಿ? 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕೀಯವೊಂದು ಈ ಬಗೆಯ ಸಂಶೋಧನೆ ಕೈಬಿಟ್ಟುಹೋದ ಬಾಬತ್ತೇ ಎಂದು ಕೇಳಿ ದೊಡ್ಡ ಗದ್ದಲ ಎಬ್ಬಿಸಿತ್ತು. ಆದರೆ ಕೋವಿಡ್ ಬಂದಾಗ ಆಕ್ಸ್‌ಫರ್ಡ್‌ನ ಪ್ರಾಥಮಿಕ ಆರೈಕೆ ವಿಭಾಗದವರು ‘ಪ್ರಿನ್ಸಿಪಲ್’ ಪ್ರಯೋಗದಲ್ಲಿ ರೋಗಿಗಳು ಮನೆಯಲ್ಲೇ ಇರುವಂತೆ, ಆಸ್ಪತ್ರೆಯ ಮೆಟ್ಟಿಲು ಹತ್ತದೆ ಔಷಧಿಗಳನ್ನು ಪರೀಕ್ಷಿಸಿದರು.

ಭಾರತದಲ್ಲಿ

ನಮ್ಮಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 1979ರಿಂದ ಎರಡು ತಿಂಗಳ ಕಿರು ಸಂಶೋಧನಾ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಲೇಬೇಕು. ಫ್ಯಾಮಿಲಿ ಮೆಡಿಸಿನ್ನಿನ ಸ್ನಾತಕೋತ್ತರ ಅರ್ಹತೆಯಾದ ಡಿ.ಎನ್.ಬಿ.ಗೂ ಪ್ರಬಂಧವುಂಟು. ಆದರೆ ಬ್ರಿಟನ್ನಿನಂತೆ ನೋಂದಣಿಯ ಪಟ್ಟಿ ಇಲ್ಲದ್ದರಿಂದ ಖಾಸಗಿ ಕ್ಲಿನಿಕ್ಕಿನಲ್ಲಿ ಕೂರುವ ಡಾಕ್ಟರಿಗೆ ಛೇದವೇ ಇಲ್ಲ. ಇಂದು ಇಲ್ಲಿ ತೋರಿಸಿದವರು ನಾಳೆ ಇನ್ನೊಂದು ಬೀದಿಯಲ್ಲಿ ತೋರಿಸುತ್ತಾರೆ, ಹಳೆಯ ಚೀಟಿಗಳೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ರೋಗಿಯ ಮನೆಯಲ್ಲೇ ಇರುತ್ತವೆ.

ಪಿಕಲ್ಸ್‌ಗೆ ಇದ್ದಂಥ ಛೇದ ಇಲ್ಲಿ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿ. ಬಯಲು ಪ್ರದೇಶದಲ್ಲಿ 30,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಕೇಂದ್ರವೆಂಬುದು ನಿಯಮ. ಹಳ್ಳಿಯಲ್ಲಿ ಸುಮಾರು ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆ. ಯಾವ ಮನೆಯಲ್ಲಿ ಯಾರು ಬಸುರಿ, ಯಾವ ಮಗುವಿಗೆ ಯಾವ ಲಸಿಕೆ ಬಾಕಿ ಎಂಬುದೆಲ್ಲ ಆಕೆಯ ರಿಜಿಸ್ಟರಿನಲ್ಲಿ ಮನೆವಾರು ಬರೆದಿರುತ್ತದೆ.